ಹಗೇವಿನ ತೇವವೂ ಮನೆಯ ಮರದ ಕೊಳೆತವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಉದ್ದೇಶಿಸಿದ ಉಪನ್ಯಾಸ



ರಾಗಿಯನ್ನು ನೆಲದೊಳಗೆ ಕೂಡಿಡುವ ಪದ್ಧತಿಯು ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆತನಗಳಿಗೆ ಹೊಸತಲ್ಲ. ತೊಟ್ಟಿಮನೆಯ ನಡುಮನೆಯಲ್ಲಿಯೋ, ಜಗಲಿಯ ಮುಂದಿನ ಗಟ್ಟಿ ನೆಲದಲ್ಲಿಯೋ, ಹಿತ್ತಿಲಿನ ಎತ್ತರದಲ್ಲಿಯೋ ಹಗೇವನ್ನು ತೋಡುತ್ತಿದ್ದರು. ಅದರ ಬಾಯಿ ಕಿರಿದು, ಒಬ್ಬ ಆಳು ನುಸುಳಿ ಇಳಿಯುವಷ್ಟು ಮಾತ್ರ, ಹೊಟ್ಟೆ ಹಿರಿದು. ಒಳಗೆ ಒಣಹುಲ್ಲನ್ನು ಒತ್ತಾಗಿ ಹೊಂದಿಸಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿಯನ್ನು ಮುಚ್ಚಿ, ಸಂದುಗಳಿಗೆ ಮಣ್ಣು ಮೆತ್ತಿಬಿಟ್ಟರೆ ಆ ರಾಗಿಯು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. 1800ನೆಯ ಇಸವಿಯಲ್ಲಿ ಮಾಗಡಿ, ಚನ್ನಪಟ್ಟಣಗಳ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಮೈಸೂರು ಸೀಮೆಯವರು ಹೀಗೆ ನೆಲದ ಹಳ್ಳಗಳಲ್ಲಿ ರಾಗಿಯನ್ನು ಕಾಪಾಡುವುದನ್ನು ಬರೆದಿಟ್ಟಿದ್ದಾನೆ. ಮಳೆ ಕೈಕೊಟ್ಟ ವರ್ಷದಲ್ಲಿ ಯಾರ ಮನೆಯ ಹಗೇವು ತೆರೆಯುವುದೋ ಆ ಮನೆಯ ಕಡೆಗೆ ಊರೇ ಮುಖಮಾಡಿ ನಿಲ್ಲುತ್ತಿತ್ತು.

ಈಗ ಬಹುಪಾಲು ಹಗೇವುಗಳು ಬರಿದಾಗಿವೆ. ರಾಗಿಯು ಪ್ಲಾಸ್ಟಿಕ್ ಚೀಲಕ್ಕೂ ತಗಡಿನ ಕಣಜಕ್ಕೂ ಹೋಯಿತು. ಆದರೆ ಹಗೇವು ಇದ್ದಲ್ಲಿಯೇ ಇದೆ. ಮೇಲೆ ನೆಲವನ್ನು ಸಾರಿಸಿದ್ದಾರೆ, ಇಲ್ಲವೇ ಸಿಮೆಂಟು ಹಾಕಿದ್ದಾರೆ. ಕೆಲವು ಮನೆಗಳಲ್ಲಿ ಅದು ಎಲ್ಲಿದೆಯೆಂಬುದು ಹಿರಿಯರೊಬ್ಬರಿಗೆ ಬಿಟ್ಟು ಮತ್ತಾರಿಗೂ ತಿಳಿಯದು. ಧಾನ್ಯವಿದ್ದಾಗ ವರ್ಷಕ್ಕೊಮ್ಮೆಯಾದರೂ ತೆರೆದು, ಒಣಗಿಸಿ, ಹುಲ್ಲು ಬದಲಿಸಿ ನೋಡಿಕೊಳ್ಳುತ್ತಿದ್ದ ಹಳ್ಳವು ಈಗ ಯಾರೂ ಕೇಳದೆ ಮನೆಯಡಿಯಲ್ಲಿ ನೀರು ಕುಡಿಯುತ್ತ ಕುಳಿತಿರುತ್ತದೆ. ಅದರ ಮಗ್ಗುಲಿನ ಕಂಬದ ಬುಡ ಮೆತ್ತಗಾಗುತ್ತದೆ, ತೊಲೆ ಬಾಗುತ್ತದೆ, ಬಾಗಿಲು ಹೊಸ್ತಿಲಿಗೆ ಉಜ್ಜುತ್ತದೆ. ಮನೆಯವರು ಬಡಗಿಯನ್ನು ಕರೆಸಿ ಕಂಬವನ್ನು ಬದಲಿಸುತ್ತಾರೆ. ಏಳೆಂಟು ವರ್ಷಗಳಲ್ಲಿ ಹೊಸ ಕಂಬವೂ ಅದೇ ಗತಿಗೆ ಬರುತ್ತದೆ. ಮರವನ್ನು ದೂರುವುದಾಯಿತು, ಬಡಗಿಯನ್ನು ದೂರುವುದಾಯಿತು. ನೀರು ಯಾವ ದಾರಿಯಿಂದ ಬಂದಿತೆಂದು ವಿಚಾರಿಸಿದವರು ಕಡಿಮೆ. ಈ ಉಪನ್ಯಾಸವು ಮುಖ್ಯವಾಗಿ ಆ ದಾರಿಯನ್ನು ಕುರಿತದ್ದು.

ಅದಕ್ಕೆ ಮೊದಲು ಪ್ರಾಣಕ್ಕೆ ಸಂಬಂಧಪಟ್ಟ ಸಂಗತಿಯೊಂದನ್ನು ಹೇಳಿಬಿಡುವುದು ಅವಶ್ಯ. ಬಹುಕಾಲ ಮುಚ್ಚಿದ್ದ ಹಗೇವಿಗೆ ಯಾರೂ ಏಕಾಏಕಿ ಇಳಿಯಕೂಡದು. ಮುಚ್ಚಿದ ಹಳ್ಳದಲ್ಲಿ ಉಳಿದಿರುವ ಧಾನ್ಯವೂ, ನೆನೆದ ಹುಲ್ಲೂ, ಅದರ ಮೇಲಣ ಬೂಷ್ಟೂ ಜೀವಂತ ವಸ್ತುಗಳಂತೆ ಉಸಿರಾಡುತ್ತವೆ. ಒಳಗಿನ ಗಾಳಿಯಲ್ಲಿರುವ ಆಮ್ಲಜನಕವು ಇದರಿಂದ ಕರಗಿಹೋಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಈ ಅನಿಲವು ಗಾಳಿಗಿಂತ ಒಂದೂವರೆ ಪಾಲು ಭಾರವಾದದ್ದು. ಬಾಯಿ ತೆರೆದಿಟ್ಟ ಮಾತ್ರಕ್ಕೆ ತಾನಾಗಿ ಮೇಲೆದ್ದು ಹೋಗುವುದಿಲ್ಲ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಳಿದವನು ಕೂಗುವುದಕ್ಕೂ ಸಮಯವಿಲ್ಲದೆ ಕುಸಿಯುತ್ತಾನೆ. ಅವನನ್ನು ಎತ್ತಲು ಅಣ್ಣನು ಇಳಿಯುತ್ತಾನೆ, ಅಣ್ಣನ ಹಿಂದೆ ತಂದೆಯು ಇಳಿಯುತ್ತಾನೆ. ಹೀಗೆ ಒಂದೇ ಮನೆಯಲ್ಲಿ ಎರಡು ಮೂರು ಹೆಣಗಳು ಬೀಳುವುದು ಇಂಥ ಅಪಘಾತಗಳ ಸ್ವಭಾವವೇ ಆಗಿದೆ.

ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡುವ ಹಿರಿಯರ ಕ್ರಮವು ಒಳ್ಳೆಯದೇ. ದೀಪವು ಆರಿದರೆ ಸಾವು ಅಲ್ಲಿದೆಯೆಂದು ತಿಳಿಯತಕ್ಕದ್ದು. ಆದರೆ ದೀಪವು ಉರಿಯುತ್ತಿದೆಯೆಂದು ಧೈರ್ಯಪಡುವ ಹಾಗಿಲ್ಲ; ಮನುಷ್ಯನಿಗೆ ತಲೆಸುತ್ತು ಬರುವಷ್ಟು ಅನಿಲವಿದ್ದಾಗಲೂ ದೀಪವು ಉರಿಯಬಲ್ಲದು. ಸೊಪ್ಪಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಏರಿಸಿ ಇಳಿಸಿ ಗಾಳಿಯನ್ನು ಕಲಕುವ ರೂಢಿಯಿಂದ ಸ್ವಲ್ಪ ಪ್ರಯೋಜನವಿದೆ. ರಾಗಿ ತೂರುವ ವಿದ್ಯುತ್ ಫ್ಯಾನಿನ ಗಾಳಿಯನ್ನು ಉದ್ದನೆಯ ಕೊಳವೆಯ ಮೂಲಕ ತಳಕ್ಕೆ ಮುಟ್ಟುವಂತೆ ಬಹಳ ಹೊತ್ತು ಬಿಡುವುದು ಅದಕ್ಕಿಂತ ಮೇಲು. ಕೆಲಸ ಮುಗಿಯುವವರೆಗೂ ಅದು ನಡೆಯುತ್ತಲೇ ಇರಬೇಕು. ಒಳಗೆ ಬೆಂಕಿ ಹಾಕಿ ಒಣಗಿಸುವುದು ಎಂದಿಗೂ ಬೇಡ. ಇಳಿಯುವವನ ಎದೆಗೆ ಹಗ್ಗ ಕಟ್ಟಿ, ಅದರ ತುದಿಯನ್ನು ಹಿಡಿದ ಮೂವರು ಗಟ್ಟಿಗರು ಮೇಲಿರಬೇಕು. ಮಾತು ನಿಂತ ಕೂಡಲೆ ಎಳೆಯಬೇಕು. ಹಗ್ಗವಿಲ್ಲದೆ ಯಾರಾದರೂ ಬಿದ್ದುದೇ ಆದರೆ, ಹಿಂದೆ ಇಳಿಯಲು ಹೊರಟವರನ್ನು ಬಲವಂತವಾಗಿಯಾದರೂ ತಡೆದು, ಗಾಳಿ ಹಾಯಿಸುತ್ತ, 112 ಸಂಖ್ಯೆಗೆ ದೂರವಾಣಿ ಮಾಡತಕ್ಕದ್ದು. ಊರಿನಲ್ಲಿ ಎಷ್ಟು ಹಗೇವುಗಳಿವೆ, ಯಾರ ಮನೆಯಲ್ಲಿ ಎಲ್ಲಿವೆ ಎಂಬುದನ್ನು ಹಿರಿಯರಿಂದ ಕೇಳಿ ಒಂದು ಪಟ್ಟಿಯನ್ನು ಬರೆದಿಡುವುದು ಮುಖಂಡರು ಒಂದು ದಿನದಲ್ಲಿ ಮಾಡಬಹುದಾದ ಕೆಲಸ. ಹಿರಿಯರು ಹೋದ ಮೇಲೆ ಈ ಪಟ್ಟಿಯನ್ನು ಮಾಡಲಾಗದು.

ಇನ್ನು ಮರದ ವಿಷಯ. ಮರವನ್ನು ಕೆಡಿಸುವ ಶತ್ರುಗಳು ಮೂರು ವಿಧ. ಇವನ್ನು ಬೆರೆಸಿಕೊಂಡರೆ ಔಷಧವೂ ತಪ್ಪುತ್ತದೆ, ಹಣವೂ ಹೋಗುತ್ತದೆ. ಮೊದಲನೆಯದು ಕೊಳೆತ. ಇದು ಅಣಬೆಯ ಜಾತಿಗೆ ಸೇರಿದ ಶಿಲೀಂಧ್ರದ ಕೆಲಸ. ಕೊಳೆತ ಮರವು ಒಂದು ಬಗೆಯಲ್ಲಿ ಕಂದುಬಣ್ಣಕ್ಕೆ ತಿರುಗಿ, ಸುಟ್ಟ ಇದ್ದಿಲಿನಂತೆ ಚೌಕ ಚೌಕವಾಗಿ ಬಿರಿದು, ಬೆರಳಿನಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಇನ್ನೊಂದು ಬಗೆಯಲ್ಲಿ ಬೆಳ್ಳಗಾಗಿ ನಾರುನಾರಾಗಿ ಬಿಡುತ್ತದೆ. ಎರಡನೆಯದು ಗೆದ್ದಲು. ಮಣ್ಣಿನ ಸುರಂಗವೇ ಅದರ ಗುರುತು. ಮೇಲ್ಮೈಯನ್ನು ಹಾಗೆಯೇ ಬಿಟ್ಟು ಒಳಗನ್ನು ತಿಂದು, ಅಲ್ಲಿ ಮಣ್ಣು ತುಂಬಿರುತ್ತದೆ. ಮೂರನೆಯದು ಕುಟ್ಟೆ. ಸಣ್ಣ ಗುಂಡು ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತದೆ; ಇದು ಒಣಮರದಲ್ಲಿಯೂ ಬಿದಿರಿನಲ್ಲಿಯೂ ಬರುವಂಥದು, ತೇವದ ಪ್ರಕರಣಕ್ಕೆ ಸೇರಿದ್ದಲ್ಲ. ಮೊದಲಿನ ಎರಡಕ್ಕೂ ನೀರು ಬೇಕು. ಗೆದ್ದಲು ತೇವವನ್ನು ಹುಡುಕಿಕೊಂಡು ಬರುತ್ತದೆ; ಕೊಳೆತವಂತೂ ತೇವವಿಲ್ಲದೆ ಹುಟ್ಟುವುದೇ ಇಲ್ಲ. ಒಣಮರದ ತೂಕದ ನೂರು ಪಾಲಿಗೆ 20 ಪಾಲಿಗಿಂತ ಕಡಿಮೆ ನೀರು ಮರದಲ್ಲಿದ್ದರೆ ಶಿಲೀಂಧ್ರವು ಬೆಳೆಯಲಾರದು. ಸೂರಿನ ಕೆಳಗೆ ನೆನೆಯದೆ ಗಾಳಿಯಾಡುತ್ತಿರುವ ಮರವು ನಮ್ಮ ಸೀಮೆಯಲ್ಲಿ ಈ ಮಿತಿಗೆ ಬಹಳ ಕೆಳಗೇ ಇರುತ್ತದೆ. ನೂರು ವರ್ಷದ ಜಂತೆಗಳು ಅಟ್ಟದಲ್ಲಿ ಗಟ್ಟಿಯಾಗಿರುವುದೂ, ಅದೇ ಮರದಿಂದ ಕಡಿದ ಕಂಬವು ಬುಡದಲ್ಲಿ ಕೊಳೆತಿರುವುದೂ ಇದೇ ಕಾರಣದಿಂದ.

ಯೂರೋಪಿನ ಶೀತದೇಶಗಳಲ್ಲಿ ಸೆರ್ಪುಲ ಎಂಬ ಒಂದು ಕೊಳೆತವಿದೆ. ಅದು ಹಗ್ಗದಂಥ ಬಿಳಲುಗಳನ್ನು ಬಿಟ್ಟು, ಇಟ್ಟಿಗೆ ಗೋಡೆಯನ್ನೂ ದಾಟಿ, ದೂರದ ಒಣಮರಕ್ಕೆ ತಾನೇ ನೀರನ್ನು ಹೊತ್ತು ಸಾಗುತ್ತದೆ. ಅಲ್ಲಿಯ ಪುಸ್ತಕಗಳನ್ನು ಓದಿದವರು ಮನೆಯ ಒಂದು ಕಂಬ ಕೊಳೆತರೆ ಎಲ್ಲವನ್ನೂ ಕಿತ್ತುಹಾಕಬೇಕೆಂದು ಹೆದರಿಸುವುದುಂಟು. ಅದು ತಂಪುನಾಡಿನ ರೋಗ. ಹಿಮಾಲಯದ ಕಾಡುಗಳಲ್ಲಿ ಅದರ ನೆಲೆಯುಂಟು, ಅರ್ಕಾವತಿಯ ಬಯಲಿಗೆ ಆ ಭಯ ಬೇಡ. ಇಲ್ಲಿಯ ಕೊಳೆತವು ನೀರು ಮುಟ್ಟಿದಷ್ಟು ಮಾತ್ರ ಹಬ್ಬುತ್ತದೆ. ನೀರನ್ನು ತಪ್ಪಿಸಿದರೆ ನಿಂತುಬಿಡುತ್ತದೆ.

ನೀರಿನ ದಾರಿಗಳನ್ನು ಹುಡುಕುವಾಗ ಮನೆಯ ಒಳಗಿನಿಂದ ಪ್ರಾರಂಭಿಸದೆ ಬೀದಿಯಿಂದ ಪ್ರಾರಂಭಿಸುವುದು ಲೇಸು. ಹಿಂದೆ ಜಗಲಿಯು ಬೀದಿಗಿಂತ ಎರಡು ಮೂರು ಅಡಿ ಎತ್ತರದಲ್ಲಿ ಇರುತ್ತಿತ್ತು. ಬೀದಿಗೆ ಜಲ್ಲಿ ಹಾಕಿದರು, ಅದರ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಪ್ರತಿ ಸಲವೂ ಹಳೆಯದನ್ನು ಕೀಳದೆ ಅದರ ಮೇಲೆಯೇ ಹಾಸಿದ್ದರಿಂದ ರಸ್ತೆಯು ಅರ್ಧ ಅಡಿ, ಒಂದು ಅಡಿ ಮೇಲೆ ಬಂದಿತು. ಈಗ ಎಷ್ಟೋ ಹಳೆಯ ಮನೆಗಳ ನಡುಮನೆಯು ಬೀದಿಗಿಂತ ತಗ್ಗಿನಲ್ಲಿದೆ. ಮಳೆಯ ನೀರು ಗೋಡೆಯ ಬುಡದಲ್ಲಿ ನಿಂತು ತಳಪಾಯಕ್ಕೆ ಇಳಿದು, ಅಲ್ಲಿಂದ ಹಗೇವಿನ ಮಡುವನ್ನು ಸೇರುತ್ತದೆ. ಇಂಥ ಮನೆಯಲ್ಲಿ ಹಗೇವಿಗೆ ಎಷ್ಟು ಗಾರೆ ಮೆತ್ತಿದರೂ ವ್ಯರ್ಥ. ಕಾಂಕ್ರೀಟು ರಸ್ತೆಯ ಕೆಲಸವು ಗ್ರಾಮ ಪಂಚಾಯಿತಿಯಲ್ಲಿ ಮಂಜೂರಾಗುವಾಗ ಹಳೆಯ ಪದರವನ್ನು ಕಿತ್ತು ಹಾಸಬೇಕೆಂದೂ, ಎರಡು ಮಗ್ಗುಲಿಗೂ ಚರಂಡಿಯು ಮನೆಗಳ ನೆಲಕ್ಕಿಂತ ಕೆಳಗೆ ಹರಿಯುವಂತೆ ಇರಬೇಕೆಂದೂ ಕೇಳಿ ಬರೆಯಿಸುವುದು ಮುಖಂಡರ ಮೇಲಿನ ಹೊಣೆ. ಒಬ್ಬ ಹಿಡುವಳಿದಾರನು ತನ್ನ ಮನೆಯಲ್ಲಿ ಕುಳಿತು ಇದನ್ನು ಸರಿಪಡಿಸಲಾರನು.

ಸೂರಿನ ನೀರು ಎರಡನೆಯ ದಾರಿ. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರು ನೀರು ಇಳಿಯುತ್ತದೆ. 200 ಲೀಟರಿನ ಡ್ರಮ್ಮುಗಳಲ್ಲಿ ಲೆಕ್ಕ ಹಾಕಿದರೆ ಹನ್ನೊಂದಕ್ಕೂ ಹೆಚ್ಚು. ಇದೆಲ್ಲವೂ ಗೋಡೆಯಿಂದ ಒಂದು ಗೇಣಿನಾಚೆ ಬಿದ್ದು ಅಲ್ಲಿಯೇ ಇಂಗುವುದೆಂದರೆ ಗೋಡೆಯು ಒಣಗುವ ಬಗೆಯೆಂತು? ತಗಡಿನ ದೋಣಿಯನ್ನು ಕಟ್ಟಿ ನೀರನ್ನು ತೊಟ್ಟಿಗೋ ಹಿತ್ತಿಲಿಗೋ ಸಾಗಿಸಬೇಕು. ಅದಾಗದಿದ್ದರೆ ಗೋಡೆಯ ಬುಡದಿಂದ ಹೊರಕ್ಕೆ ಮೂರು ಅಡಿಗೆ ಎರಡು ಅಂಗುಲ ಇಳಿಜಾರಾಗಿ ಕಲ್ಲು ಹಾಸಬೇಕು. ತೊಟ್ಟಿಮನೆಯ ತೊಟ್ಟಿಯಿಂದ ಹೊರಕ್ಕೆ ಹೋಗುವ ತೂಬನ್ನು ಮಳೆಗಾಲಕ್ಕೆ ಮೊದಲು ಕೋಲು ಹಾಕಿ ಪರೀಕ್ಷಿಸತಕ್ಕದ್ದು. ಅದು ನೆಲದಡಿಯಲ್ಲಿ ಒಡೆದಿದ್ದರೆ ಅದರ ನೀರೆಲ್ಲವೂ ಕಂಬಗಳ ಬುಡಕ್ಕೇ ಹೋಗುತ್ತಿರುತ್ತದೆ.

ಬಚ್ಚಲು ಮತ್ತು ಕೊಟ್ಟಿಗೆ ಮೂರನೆಯ ದಾರಿ. ನೋಡುವುದಕ್ಕೆ ಅಲ್ಪವಾದರೂ ಇದೇ ಹೆಚ್ಚು ಕೇಡಿನದು, ಏಕೆಂದರೆ ಮಳೆಯಂತೆ ಇದಕ್ಕೆ ಬಿಡುವಿಲ್ಲ. ಬಚ್ಚಲಿನ ಗೋಡೆಯ ಆಚೆ ಬದಿಗೆ ಕಣಜದ ಕೋಣೆಯೋ ಹಗೇವೋ ಇರುವ ಮನೆಗಳು ಅನೇಕವಿವೆ. ದನಗಳನ್ನು ಒಳಗೇ ಕಟ್ಟುವ ಮನೆಗಳಲ್ಲಿ ಗಂಜಲವು ಗೋಡೆಗೆ ಸೇರಿ, ಒಣಗಿದಾಗ ಬಿಳಿಯ ಉಪ್ಪಾಗಿ ಅರಳುತ್ತದೆ. ಈ ಉಪ್ಪು ಗಾಳಿಯಲ್ಲಿಯ ಆವಿಯನ್ನೇ ಎಳೆದುಕೊಳ್ಳುವ ಗುಣವುಳ್ಳದ್ದು. ಆದುದರಿಂದ ದನಗಳನ್ನು ಬೇರೆಡೆಗೆ ಒಯ್ದು ವರ್ಷಗಳಾದರೂ ಆ ಗೋಡೆಯು ಮೋಡದ ದಿನಗಳಲ್ಲಿ ಬೆವರುತ್ತಿರುತ್ತದೆ. ಅಂಥ ಕಡೆಯಲ್ಲಿ ಉಪ್ಪು ಹಿಡಿದ ಗಿಲಾವನ್ನು ಕೆತ್ತಿ ಹೊರಗೆ ಹಾಕದೆ ಗತ್ಯಂತರವಿಲ್ಲ. ಕೆತ್ತಿದ್ದನ್ನು ಕಲಸಿ ಮತ್ತೆ ಮೆತ್ತಕೂಡದು.

ಕೆರೆಯ ಏರಿಯ ಕೆಳಗಿನ ಊರುಗಳದ್ದೂ ನಾಲೆಯ ಮಗ್ಗುಲಿನ ಊರುಗಳದ್ದೂ ಬೇರೆಯ ಪಾಡು. ಅಲ್ಲಿ ಕೆರೆ ತುಂಬಿದ ವರ್ಷ ನೆಲದ ನೀರೇ ಮೇಲಕ್ಕೆ ಬರುತ್ತದೆ. 2022ನೆಯ ಇಸವಿಯ ಆಗಸ್ಟ್ ಕೊನೆಯಲ್ಲಿ ರಾಮನಗರದ ಸುತ್ತ ಸುರಿದ ಮಳೆಗೆ ಕೆರೆಗಳು ಕೋಡಿಬಿದ್ದು, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೆಯೇ ನೀರು ನಿಂತು, ತಗ್ಗಿನ ಮನೆಗಳಿಗೆ ನುಗ್ಗಿದ್ದನ್ನು ಎಲ್ಲರೂ ಬಲ್ಲರು. ಅಂಥ ನೀರು ಹೊಕ್ಕ ಮಣ್ಣುಗೋಡೆಯು ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳಿನಂತೆ ಒಣಗುವುದೆಂಬುದು ಕಟ್ಟಡದ ಕೆಲಸದವರ ಸ್ಥೂಲ ಲೆಕ್ಕ. ಒಂದೂವರೆ ಅಡಿಯ ಗೋಡೆಗೆ ಒಂದು ಬೇಸಗೆ ಸಾಲದು. ಹೊರಗೆ ಒಣಗಿದಂತೆ ಕಂಡಿತೆಂದು ಅವಸರದಲ್ಲಿ ಬಣ್ಣ ಬಳಿದವರು ಗೋಡೆಯ ಒಳಗೆ ಸೇರಿರುವ ತೊಲೆಯ ತುದಿಗಳನ್ನು ಮರೆತಿರುತ್ತಾರೆ. ಏರಿಯ ಕೆಳಗಿನ ಊರಿನಲ್ಲಿ ಒರತೆ ಬರುವ ಹಗೇವನ್ನು ಉಳಿಸಿಕೊಳ್ಳುವ ಪ್ರಯತ್ನವೇ ಬೇಡ, ಮುಚ್ಚಿಬಿಡುವುದು ಜಾಣತನ.

ನಾಲ್ಕನೆಯ ದಾರಿಯು ಕಣ್ಣಿಗೆ ಕಾಣದು. ನೆಲದೊಳಗಿನ ಕೋಣೆಯು ತಂಪಾಗಿರುತ್ತದೆ. ಮಳೆಗಾಲದ ಆವಿ ತುಂಬಿದ ಬೆಚ್ಚನೆಯ ಗಾಳಿಯು ಒಳಹೊಕ್ಕಾಗ, ತಣ್ಣೀರಿನ ತಂಬಿಗೆಯ ಹೊರಮೈಯಲ್ಲಿ ಹನಿ ಕಟ್ಟುವಂತೆ, ಗೋಡೆಯ ಮೇಲೂ ತೊಲೆಯ ಮೇಲೂ ಹನಿ ಕಟ್ಟುತ್ತದೆ. ಗಾಳಿಯಾಡಲೆಂದು ಭಾದ್ರಪದದಲ್ಲಿ ನೆಲಮಾಳಿಗೆಯ ಬಾಗಿಲನ್ನು ಹಗಲೆಲ್ಲ ತೆರೆದಿಡುವ ಮನೆಯವರು ತಾವೇ ನೀರನ್ನು ಒಳಗೆ ಕರೆಯುತ್ತಾರೆ. ಮಳೆಯ ತಿಂಗಳುಗಳಲ್ಲಿ ಮುಚ್ಚಿ, ಸಂಕ್ರಾಂತಿ ಕಳೆದ ಮೇಲೆ ಒಣಹವೆಯಲ್ಲಿ ಹಗಲೂ ರಾತ್ರಿಯೂ ತೆರೆದು ಗಾಳಿಯಾಡಿಸುವುದು ಸರಿಯಾದ ಕ್ರಮ. ತೇವವು ನೆಲದಿಂದ ಬಂದದ್ದೋ ಗಾಳಿಯಿಂದ ಬಂದದ್ದೋ ಎಂಬ ಸಂಶಯವಿದ್ದರೆ ಪರೀಕ್ಷೆಯು ಸುಲಭ. ಒಂದು ಮೊಳ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚಿಗೂ ಅಂಟುಪಟ್ಟಿ ಹಚ್ಚಿ ಎರಡು ದಿನ ಬಿಡತಕ್ಕದ್ದು. ಹಾಳೆಯ ಹಿಂಬದಿಗೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈಮೇಲೆ ಕಟ್ಟಿದರೆ ಗಾಳಿಯಿಂದ.

ಇಲ್ಲಿ ಸಿಮೆಂಟಿನ ಮಾತನ್ನು ಹೇಳಬೇಕು. ತೇವದ ಗೋಡೆಗೆ ಸಿಮೆಂಟು ಗಿಲಾವು ಮಾಡಿಸಿದರೆ ತೇವವು ಹೋಗುವುದೆಂಬ ನಂಬಿಕೆ ಎಲ್ಲ ಕಡೆಯೂ ಬೇರೂರಿದೆ. ಮಣ್ಣು ಮತ್ತು ಸುಣ್ಣದ ಗೋಡೆಯು ಕೆಳಗೆ ಹೀರಿದ ನೀರನ್ನು ತನ್ನ ಮೈಯಿಂದ ಗಾಳಿಗೆ ಬಿಟ್ಟುಕೊಡುತ್ತ ಬಾಳುವಂಥದು. ಸಿಮೆಂಟು ಆ ಮೈಯನ್ನು ಮುಚ್ಚಿಬಿಡುತ್ತದೆ. ನೀರು ಹೊರಗೆ ಬರಲಾರದೆ ಇನ್ನೂ ಮೇಲಕ್ಕೆ ಏರಿ, ಎರಡು ಅಡಿಯಲ್ಲಿ ನಿಂತಿದ್ದ ತೇವವು ನಾಲ್ಕೈದು ಅಡಿಗೆ ಹೋಗಿ, ಬಾಗಿಲಿನ ಚೌಕಟ್ಟನ್ನೂ ಗೂಡಿನ ಹಲಗೆಯನ್ನೂ ಮುಟ್ಟುತ್ತದೆ. ಗೋಡೆಯು ಹೊರಗೆ ಚೆಲುವಾಗಿ ಕಾಣುತ್ತಿರುವಾಗಲೇ ಒಳಗೆ ಕೊಳೆತವು ನಡೆದಿರುತ್ತದೆ. ಹಳೆಯ ಗೋಡೆಗೆ ಸುಣ್ಣದ ಗಿಲಾವೇ ತಕ್ಕದ್ದು. ಅದು ಕೆಲವು ವರ್ಷಗಳಿಗೊಮ್ಮೆ ಉದುರಿದರೂ ಅದು ಅದರ ಧರ್ಮ. ಗೋಡೆಯ ಬದಲಾಗಿ ತಾನು ಸವೆಯುತ್ತದೆ.

ಕಂಬದ ಬುಡದಲ್ಲಿ ಇದಕ್ಕಿಂತ ಹೆಚ್ಚಿನ ಅನರ್ಥವು ನಡೆದಿದೆ. ಹಳೆಯ ತೊಟ್ಟಿಮನೆಯಲ್ಲಿ ಯಾವ ಮರದ ಕಂಬವೂ ನೆಲವನ್ನು ಮುಟ್ಟುತ್ತಿರಲಿಲ್ಲ. ಅದರಡಿಯಲ್ಲಿ ನೆಲದಿಂದ ಗೇಣುದ್ದ ಮೇಲಕ್ಕೆ ಬಂದ ಪೀಠಗಲ್ಲು ಇರುತ್ತಿತ್ತು. ಆ ಕಲ್ಲನ್ನು ಅಲಂಕಾರವೆಂದು ತಿಳಿದವರು ಬಹಳ. ಅದರ ನಿಜವಾದ ಕೆಲಸವು ನೆಲದ ನೀರು ಮರಕ್ಕೆ ಏರದಂತೆ ತಡೆಯುವುದು. ರಾಮನಗರದ ಬೆಟ್ಟಗಳ ಕಲ್ಲನ್ನು, ಊರಿನ ಹಿಂದಿನ ಹೆಸರಿನಿಂದ, ಭೂವಿಜ್ಞಾನಿಗಳು ಈಗಲೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷದ ಶಿಲೆ, ನೀರನ್ನು ಹೀರುವುದು ಅತ್ಯಲ್ಪ. ನೀರು ತಡೆಯುವುದಕ್ಕೆ ಅನ್ಯದೇಶಗಳವರು ಸೀಸದ ತಗಡನ್ನೂ ಡಾಂಬರಿನ ಹಾಳೆಯನ್ನೂ ಗೋಡೆಗಳಲ್ಲಿ ಹೂಳುತ್ತಾರೆ. ಈ ಸೀಮೆಯವರಿಗೆ ಅದೇ ಕೆಲಸ ಮಾಡುವ ವಸ್ತುವು ಹಿತ್ತಿಲಿನಲ್ಲಿಯೇ ಬಿದ್ದಿದೆ. ಆದರೆ ನಡುಮನೆಗೆ ಕೆಂಪು ಗಾರೆ ಹಾಕಿಸಿ, ಅದರ ಮೇಲೆ ಟೈಲ್ಸ್ ಹಾಕಿಸಿ, ನೆಲವನ್ನು ಆರೇಳು ಅಂಗುಲ ಏರಿಸಿದಾಗ ಪೀಠಗಲ್ಲು ಹೂತುಹೋಗಿ ಮರದ ಬುಡವೇ ಸಿಮೆಂಟಿನ ಬಟ್ಟಲಿನೊಳಗೆ ನಿಂತಿತು. ನೆಲ ತೊಳೆದ ನೀರು ಆ ಬಟ್ಟಲಿಗೆ ಇಳಿದರೆ ಮೇಲೆ ಬರುವ ದಾರಿಯಿಲ್ಲ. ಹೊಸ ನೆಲ ಹಾಕಿಸುವವರು ಕಂಬದ ಸುತ್ತ ಎರಡು ಅಂಗುಲ ಜಾಗ ಬಿಡಿಸಿ ಪೀಠಗಲ್ಲನ್ನು ಬಯಲಾಗಿಯೇ ಇರಿಸತಕ್ಕದ್ದು. ಈಗಾಗಲೇ ಹಾಕಿಸಿದವರು ಅಷ್ಟನ್ನು ಉಳಿಯಿಂದ ಕೆತ್ತಿಸಿ ತೆರೆಯತಕ್ಕದ್ದು.

ಕಂಬವು ಎಷ್ಟು ಕೆಟ್ಟಿದೆಯೆಂದು ತಿಳಿಯಲು ಗೋಣಿಚೀಲ ಹೊಲಿಯುವ ದಬ್ಬಳವೊಂದು ಸಾಕು. ಬುಡದಿಂದ ಮೇಲಕ್ಕೆ ಗೇಣಿಗೊಂದರಂತೆ ಚುಚ್ಚುತ್ತ ಹೋಗಬೇಕು. ಒಳ್ಳೆಯ ಮರವು ದಬ್ಬಳವನ್ನು ತಡೆಯುತ್ತದೆ. ಕೊಳೆತದ್ದರಲ್ಲಿ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಪೊಳ್ಳು ಶಬ್ದವೂ ಕೇಳುವುದು. ಕೊಳೆತವು ಬುಡದ ಒಂದೆರಡು ಅಡಿಗೆ ಮಾತ್ರ ಇದ್ದರೆ ಕಂಬವನ್ನು ಪೂರ್ತಿಯಾಗಿ ತೆಗೆಯುವ ಪ್ರಮೇಯವಿಲ್ಲ. ತೊಲೆಗೆ ಎರಡು ಮಗ್ಗುಲಿಗೂ ಆಸರೆಗಂಬ ಕೊಟ್ಟು, ಜಾಕಿಯಿಂದ ಭಾರವನ್ನು ಕೂದಲೆಳೆಯಷ್ಟು ಮಾತ್ರ ಎತ್ತಿ, ಕೊಳೆತದ ಮೇಲೆ ಇನ್ನೊಂದು ಅಡಿ ಒಳ್ಳೆಯ ಮರವನ್ನೂ ಸೇರಿಸಿ ಕೊಯ್ದು, ಕೊಯ್ದಷ್ಟು ಎತ್ತರಕ್ಕೆ ಕಲ್ಲಿನ ಬುಡವನ್ನು ನಿಲ್ಲಿಸಿಬಿಡಬಹುದು. ಆ ಕಲ್ಲಿನ ಬುಡವು ಮತ್ತೆಂದೂ ಕೊಳೆಯದು. ಆಸರೆಯನ್ನು ಹಗೇವಿನ ಮೇಲೆ ಊರಕೂಡದೆಂಬುದನ್ನು ಬಡಗಿಗೆ ಮೊದಲೇ ತಿಳಿಸಬೇಕು. ಹಗೇವು ಇರುವ ಸ್ಥಳವು ಗೊತ್ತಿಲ್ಲದೆ ಆಸರೆ ಊರಿ, ಕಂಬ ತೊಲೆ ಆಳುಗಳೆಲ್ಲ ಒಟ್ಟಿಗೆ ಕುಸಿಯುವ ಅಪಾಯವುಂಟು.

ಗೋಡೆಯ ಬುಡಕ್ಕೂ ಹೀಗೆಯೇ ಕಲ್ಲಿನ ಪಟ್ಟಿಯನ್ನು ತೂರಿಸುವ ಕ್ರಮವುಂಟು. ಮೂರು ಮೂರು ಅಡಿಯಾಗಿ, ಒಂದನ್ನು ಬಿಟ್ಟು ಒಂದರಂತೆ ಬಿಚ್ಚಿ, ಚಪ್ಪಡಿಯನ್ನು ಸೇರಿಸಿ, ಅದು ಬಿಗಿದ ಮೇಲೆ ಉಳಿದವನ್ನು ಬಿಚ್ಚಬೇಕು. ನುರಿತ ಕೆಲಸಗಾರನಿಲ್ಲದೆ ಮಣ್ಣುಗೋಡೆಗೆ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಮರಕ್ಕೆ ಬಳಿಯುವ ಔಷಧಗಳ ಮೇಲೆ ಜನರಿಗೆ ಇರುವ ಭರವಸೆಯು ಸ್ವಲ್ಪ ಹೆಚ್ಚಾಯಿತು. ನೀರಿನ ದಾರಿಯನ್ನು ಮುಚ್ಚದೆ ಬಳಿದ ಯಾವ ಔಷಧವೂ ಬಹುಕಾಲ ನಿಲ್ಲುವುದಿಲ್ಲ. ಮುಚ್ಚಿದ ಮೇಲೆ, ಒಳಗಿನ ಮರಕ್ಕೆ ಬಿಳಿಗಾರದ ನೀರು ಅಗ್ಗವಾದದ್ದೂ ಸಾಕಷ್ಟು ಗುಣವಾದದ್ದೂ ಹೌದು. ಹತ್ತು ಲೀಟರು ಬಿಸಿನೀರಿಗೆ 300 ಗ್ರಾಂ ಬಿಳಿಗಾರವನ್ನೂ 200 ಗ್ರಾಂ ಬೋರಿಕ್ ಆಮ್ಲವನ್ನೂ ಕರಗಿಸಿ, ಮರದ ಕೊಯ್ದ ತುದಿಗಳು ಚೆನ್ನಾಗಿ ಹೀರುವಂತೆ ಎರಡು ಮೂರು ಸಲ ಬಳಿಯತಕ್ಕದ್ದು. ಇದು ಮಳೆಯಲ್ಲಿ ತೊಳೆದುಹೋಗುವುದರಿಂದ ಹೊರಗಿನ ಮರಕ್ಕೂ ಮಣ್ಣಿನಲ್ಲಿ ಹೂಳುವ ಮರಕ್ಕೂ ಆಗದು. ಮಕ್ಕಳಿಗೂ ದನಕರುಗಳಿಗೂ ಸಿಕ್ಕದಂತೆ ಇಡಬೇಕು. ಧಾನ್ಯ ತಗಲುವ ಹಲಗೆಗೆ ಬಳಿಯಕೂಡದು. ಹೂಳುವ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಲವಣವನ್ನು 1933ರಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದವರು ಸೊಂಟಿ ಕಾಮೇಶಂ ಎಂಬ ನಮ್ಮ ದೇಶದ ಇಂಜಿನಿಯರು. ಅದು ಲೋಕವೆಲ್ಲ ಹಬ್ಬಿ ತಂತಿಕಂಬಗಳನ್ನೂ ರೈಲು ದಿಮ್ಮಿಗಳನ್ನೂ ಉಳಿಸಿತು. ಆದರೆ ಅದರಲ್ಲಿ ಪಾಷಾಣವಿರುವುದರಿಂದ 2004ರ ಹೊತ್ತಿಗೆ ಅಮೆರಿಕದಲ್ಲಿಯೂ ಯೂರೋಪಿನಲ್ಲಿಯೂ ವಾಸದ ಮನೆಯ ಮರಕ್ಕೆ ಅದನ್ನು ಬಳಸುವುದು ನಿಂತಿತು. ಧಾನ್ಯವಿರುವ ಮನೆಯೊಳಗೆ ಅದು ಬರಕೂಡದು. ಅಟ್ಟದ ಮೇಲೆ ಹಳೆಯ ಗಮಾಕ್ಸಿನ್ ಪುಡಿಯ ಡಬ್ಬಿಗಳನ್ನು ಇಟ್ಟುಕೊಂಡಿರುವವರು ಅದನ್ನು ಗೆದ್ದಲಿಗೆಂದು ಹಗೇವಿನ ಸುತ್ತ ಚೆಲ್ಲುವುದುಂಟು. ಆ ವಿಷವು ದೇಶದಲ್ಲಿ 1997ರಿಂದ ನಿಷಿದ್ಧವಾಗಿದೆ. ಸುಟ್ಟ ಎಂಜಿನ್ ಎಣ್ಣೆಯನ್ನು ಬಳಿಯುವುದೂ ರಾಗಿಗೆ ವಾಸನೆ ಹಿಡಿಸುವುದಕ್ಕೇ ಹೊರತು ಮತ್ತೇನಕ್ಕೂ ಅಲ್ಲ.

ಹೊಸ ಮರವನ್ನು ಕೊಳ್ಳುವಾಗ ಜಾತಿಗಿಂತಲೂ ಚೇಗನ್ನು ನೋಡತಕ್ಕದ್ದು. ತೇಗ, ಹೊನ್ನೆ, ಹಲಸು, ಬೇವುಗಳ ಕೀರ್ತಿಯೆಲ್ಲವೂ ಚೇಗಿನದು. ಅದರ ಸುತ್ತಲಿನ ಬಿಳಿಯ ಮರವು ಯಾವ ಜಾತಿಯದಾದರೂ ಬೇಗ ಕೊಳೆಯುತ್ತದೆ. ಮಾವಿನ ಹಲಗೆಯು ಅಗ್ಗವೆಂದು ನೆಲಮಾಳಿಗೆಗೆ ಹಾಕುವುದು ಹಣವನ್ನು ಮಣ್ಣಿಗೆ ಹಾಕಿದಂತೆ. ಹಸಿಮರವನ್ನು ಬಿಗಿದು ಬಣ್ಣ ಬಳಿದರೆ ಅದರ ನೀರೇ ಅದನ್ನು ಕೊಲ್ಲುತ್ತದೆ. ಚನ್ನಪಟ್ಟಣದ ಬೊಂಬೆಯ ಕುಶಲಕರ್ಮಿಗಳು ಹಾಲೆಮರದ ತುಂಡುಗಳನ್ನು ಎರಡು ಮೂರು ತಿಂಗಳು ಒಣಗಿಸಿದ ಮೇಲೆಯೇ ಕಡೆಯುವ ಯಂತ್ರಕ್ಕೆ ಕೊಡುತ್ತಾರೆ. ಅಂಗೈಯಗಲದ ಬೊಂಬೆಗೆ ಇಷ್ಟು ತಾಳ್ಮೆಯಿರುವಾಗ ಮನೆಯ ತೊಲೆಗೆ ಒಂದು ಬೇಸಗೆಯಾದರೂ ನೆರಳಿನಲ್ಲಿ, ಕೆಳಗೆ ಕಲ್ಲಿಟ್ಟು, ನಡುನಡುವೆ ಪಟ್ಟಿ ಕೊಟ್ಟು ಒಣಗಿಸದೆ ಇರುವುದು ವಿಚಿತ್ರ.

ರೇಷ್ಮೆ ಸಾಕುವ ಮನೆಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕಾಗಿದೆ. ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ನೆಲಮಾಳಿಗೆಯ ತಂಪನ್ನು ಬೇಕೆಂದೇ ಬಳಸುವವರುಂಟು, ಅದು ತಪ್ಪಲ್ಲ. ಆದರೆ ಅದೇ ಗೋಡೆಯ ತೇವವು ಹುಳು ಸಾಕುವ ಕೋಣೆಗೆ ಏರಿದರೆ ಹುಳುಗಳಿಗೆ ಸುಣ್ಣಕಟ್ಟು ರೋಗವು ಬರುವುದಕ್ಕೆ ಅನುಕೂಲವಾಗುತ್ತದೆ. ಅದೂ ಶಿಲೀಂಧ್ರವೇ, ಮರದ ಕೊಳೆತದಂತೆ ತೇವವನ್ನು ಬಯಸುವಂಥದು. ಒದ್ದೆ ಸೊಪ್ಪಿನ ಕೋಣೆಯೂ ರಾಗಿಯ ಕೋಣೆಯೂ ಒಂದೇ ಆಗಿರಕೂಡದು.

ಕಡೆಗೆ, ಹಗೇವನ್ನು ಇಟ್ಟುಕೊಳ್ಳುವುದೋ ಮುಚ್ಚುವುದೋ ಎಂಬ ತೀರ್ಮಾನ. ಎತ್ತರದ ಗರಸುನೆಲದಲ್ಲಿದ್ದು, ಒಂದು ಪೂರ್ತಿ ಮಳೆಗಾಲದಲ್ಲಿ ಒರತೆ ಬಾರದೆ ಇದ್ದರೆ ಇಟ್ಟುಕೊಳ್ಳಬಹುದು. ಬಾಯಿಯ ಕಲ್ಲು ಸುತ್ತಲಿನ ನೆಲಕ್ಕಿಂತ ಒಂದು ಗೇಣು ಮೇಲಿರಬೇಕು. ಕಲ್ಲಿನ ಬದಲಿಗೆ ಹಲಗೆಯನ್ನು ಮುಚ್ಚುವುದು ಬೇಡ, ಅದು ಮೊದಲು ಕೊಳೆಯುವುದೂ ಆಮೇಲೆ ಆಳನ್ನು ಬೀಳಿಸುವುದೂ ನಿಶ್ಚಯ. ತುಂಬುವ ರಾಗಿಯು ಒಣಗಿದೆಯೇ ಎಂದು ನೋಡಲು, ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿಯುಪ್ಪನ್ನು ಒಣ ಸೀಸೆಯಲ್ಲಿ ಒಂದು ಹಿಡಿ ರಾಗಿಯೊಡನೆ ಹಾಕಿ ಕುಲುಕಿ ಕಾಲುಗಂಟೆ ಬಿಡುವುದು. ಉಪ್ಪು ಸೀಸೆಯ ಒಳಮೈಗೆ ಅಂಟಿದರೆ ರಾಗಿಗೆ ಇನ್ನೂ ಬಿಸಿಲು ಬೇಕು. ಮುಗ್ಗಿದ ರಾಗಿಯನ್ನು ತೊಳೆದು ಬಳಸುವುದೂ, ದನಕ್ಕೋ ಕೋಳಿಗೋ ಹಾಕುವುದೂ ಅಪಾಯಕರ. ಬೂಷ್ಟಿನ ವಿಷವು ತೊಳೆದರೆ ಹೋಗುವಂಥದಲ್ಲ.

ಮುಚ್ಚುವುದಾದರೆ ಮನೆಯ ಕಸಕಡ್ಡಿಯನ್ನೂ ಹಳೆಯ ಮರದ ತುಂಡುಗಳನ್ನೂ ಅದರಲ್ಲಿ ತುಂಬುವುದು ದೊಡ್ಡ ತಪ್ಪು. ಅವು ಕೊಳೆತು ಕುಗ್ಗಿ ನೆಲವು ಕುಸಿಯುತ್ತದೆ, ಗೆದ್ದಲಿಗೂ ಹಬ್ಬವಾಗುತ್ತದೆ. ಒಳಗಿನ ಹುಲ್ಲನ್ನು ಮೇಲಿನಿಂದಲೇ ಕೊಕ್ಕೆಯಿಂದ ಎಳೆದು ತೆಗೆದು, ಒಣಗಿದ ಕಲ್ಲುಪುಡಿಯನ್ನು ಸುರಿಯುತ್ತ, ಉದ್ದ ಕೋಲಿನಿಂದ ಹೊಟ್ಟೆಯ ಮಗ್ಗುಲುಗಳಿಗೆ ನೂಕುತ್ತ ತುಂಬಬೇಕು; ಕಿರಿದಾದ ಬಾಯಿಯ ಸುತ್ತ ಕಾಣದ ಪೊಳ್ಳು ಉಳಿಯುವುದು ಸಾಮಾನ್ಯ. ಮೇಲಿನ ಒಂದು ಅಡಿಗೆ ಜೇಡಿಮಣ್ಣನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಿ, ಚಪ್ಪಡಿಯನ್ನು ಮುಚ್ಚತಕ್ಕದ್ದು. ಒಂದು ಮಳೆಗಾಲ ಕಳೆದ ಮೇಲೆ ಚಪ್ಪಡಿಯನ್ನು ಎತ್ತಿ ನೋಡಿ, ಇಳಿದಷ್ಟನ್ನು ಮತ್ತೆ ತುಂಬಿ, ಆಮೇಲೆ ನೆಲವನ್ನು ಹಾಕಿಸುವುದು. ಈ ಕೆಲಸಗಳಿಗೆಲ್ಲ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ತಿಂಗಳುಗಳೇ ತಕ್ಕ ಕಾಲ. ರಾಗಿಯ ಒಕ್ಕಣೆ ಮುಗಿದು ಆಳುಗಳೂ ಸಿಕ್ಕುತ್ತಾರೆ, ಮುಂಗಾರಿನ ಮೊದಲ ಮಳೆಗೆ ಮುಂಚೆ ಸುಣ್ಣದ ಗಿಲಾವು ಬಿಗಿಯುವುದಕ್ಕೂ ದಿನಗಳು ಉಳಿದಿರುತ್ತವೆ.